‘ರಾಮ’ನ ಕೊನೆಯ ಹಾಳೆ: ಇಪ್ಪತ್ತೇಳು ವರ್ಷದ ಮೇಲೆ ಮತ್ತೆ ಓದಿದೆ, ಈಗ ತಕರಾರು

ಹರಿದ ಹಾಳೆ

ಆರ್ಥರ್ ಸಿ. ಕ್ಲಾರ್ಕ್ ಅವರ ವೈಜ್ಞಾನಿಕ ಕಾದಂಬರಿ ‘ರಾಂದೆವೂ ವಿತ್ ರಾಮ’ ಓದಿದವರಿಗೆ ಮಾತ್ರ ಈ ಪ್ರಶ್ನೆ. ಓದದವರು ದಯವಿಟ್ಟು ಇಲ್ಲಿಂದಲೇ ಹಿಂದಿರುಗಿ. ಕೊನೆಯ ವಾಕ್ಯವನ್ನೇ ಹಿಡಿದು ಜಗಳಕ್ಕೆ ಬಂದಿದ್ದೇನೆ.

1998ರಲ್ಲಿ ದ್ವಿತೀಯ ಪಿಯುಸಿ ಪರೀಕ್ಷೆ ಮುಗಿದ ವಾರ ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ಇಪ್ಪತ್ತು ರೂಪಾಯಿ ಕೊಟ್ಟು ಕೊಂಡ ಪ್ರತಿ ಅದು. ಬೆನ್ನಿನ ಗೋಂದು ಒಣಗಿ ಹಾಳೆಗಳು ಒಂದೊಂದಾಗಿ ಕಳಚುತ್ತಿದ್ದವು. ಅಮ್ಮ ಮೈದಾ ಅಂಟು ಕಾಯಿಸಿ ಕೊಟ್ಟಿದ್ದರು. ಹೆಸರನ್ನು ‘ರೆಂಡೆಜ್‌ವೌಸ್’ ಎಂದು ಓದಿಕೊಂಡಿದ್ದೆ, ತಿದ್ದುವವರು ಯಾರೂ ಇರಲಿಲ್ಲ. ನಿಘಂಟನ್ನು ಮಗ್ಗುಲಲ್ಲಿಟ್ಟುಕೊಂಡು ಹನ್ನೊಂದು ದಿನ ಓದಿದೆ.

ಕಥೆ ನಿಮಗೆ ಗೊತ್ತಿದೆ. 2131ರಲ್ಲಿ ಸೌರಮಂಡಲದೊಳಕ್ಕೆ ಐವತ್ತು ಕಿಲೋಮೀಟರ್ ಉದ್ದ, ಇಪ್ಪತ್ತು ಕಿಲೋಮೀಟರ್ ಅಗಲದ, ‘ರಾಮ’ ಎಂದು ಹೆಸರಿಟ್ಟ ಒಂದು ಉರುಳೆ ನುಗ್ಗಿ ಬರುತ್ತದೆ. ಕಮಾಂಡರ್ ನಾರ್ಟನ್ ಮತ್ತು ತಂಡದವರು ಒಳಗಿಳಿಯುತ್ತಾರೆ. ಕತ್ತಲು, ಮೂರು ಮಹಾ ಮೆಟ್ಟಿಲುಸಾಲು, ಹೆಪ್ಪುಗಟ್ಟಿದ ಕಡಲು. ಕಟ್ಟಿದವರು ಮಾತ್ರ ಎಲ್ಲಿಯೂ ಇಲ್ಲ. ಕೊನೆಗೆ ಅದು ಸೂರ್ಯನ ಮಗ್ಗುಲಿಗೆ ಹಾದು, ಬೇಕಾದಷ್ಟು ಶಕ್ತಿ ಹೀರಿಕೊಂಡು ಹೊರಟೇ ಹೋಗುತ್ತದೆ. ನಮ್ಮ ಕಡೆ ತಿರುಗಿಯೂ ನೋಡುವುದಿಲ್ಲ.

ನನ್ನ ಪ್ರತಿ ಅಲ್ಲಿಗೇ ಮುಗಿದಿತ್ತು. ಒಂದು ಹಾಳೆ ಹೋಗಿದೆ ಎಂಬ ಅನುಮಾನವೂ ಬರಲಿಲ್ಲ, ಪುಟದ ಕೊನೆಗೆ ಸರಿಯಾಗಿ ಪೂರ್ಣವಿರಾಮ ಬಿದ್ದಿತ್ತು. ಕಳೆದ ತಿಂಗಳು ಮಗಳಿಗೆಂದು ಹೊಸ ಪ್ರತಿ ತರಿಸಿ, ಅವಳಿಗಿಂತ ಮೊದಲು ನಾನೇ ಓದಿದೆ. ನೋಡಿದರೆ ಕೊನೆಯಲ್ಲಿ ಇನ್ನೊಂದು ವಾಕ್ಯವಿದೆ! ಭೂಮಿಯ ಮೇಲೆ ವಿಜ್ಞಾನಿಯೊಬ್ಬನಿಗೆ ನಿದ್ದೆಗಣ್ಣಿನಲ್ಲಿ ಹೊಳೆಯುತ್ತದಂತೆ: ರಾಮದವರು ಮಾಡುವುದೆಲ್ಲ ಮೂರು ಮೂರು. ಅಂದರೆ ಇನ್ನೂ ಎರಡು ಬರಲಿವೆ.

ಇಪ್ಪತ್ತೇಳು ವರ್ಷ ನನ್ನ ತಲೆಯಲ್ಲಿದ್ದದ್ದು ನಮ್ಮನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ ಹೋದ ಹಡಗು. ಈಗ ಏಕಾಏಕಿ ‘ಮತ್ತೆ ಬರುತ್ತೇವೆ’ ಎಂಬ ಬೋರ್ಡು. ನನಗೆ ಆ ವಾಕ್ಯ ಬೇಡವಾಗಿತ್ತು. ನಿಮಗೆ?


ರಾತ್ರಿಪಾಳಿ

ಇಪ್ಪತ್ತು ರೂಪಾಯಿಗೆ ಕೊನೆಯ ಹಾಳೆಯೂ ಬೇಕೆಂದರೆ ಹೇಗೆ ಸ್ವಾಮಿ?


ಗಣಿತ ಮೇಷ್ಟ್ರು

ಆ ವಾಕ್ಯವಿಲ್ಲದೆ ಕಾದಂಬರಿಯೇ ಇಲ್ಲ. ಮೂರು ಮೆಟ್ಟಿಲುಸಾಲು, ಮೂರು ಹೊರಬಾಗಿಲು, ಮೂರು ಕಾಲಿನ ಪ್ರಾಣಿಗಳು... ಪುಸ್ತಕದುದ್ದಕ್ಕೂ ಮೂರನ್ನು ಬಿತ್ತಿಕೊಂಡು ಬಂದು ಕೊನೆಗೆ ಕೊಯ್ಲು ಮಾಡಿದ್ದಾರೆ. ನೀವು ಬಿತ್ತನೆ ನೋಡಿ ಮನೆಗೆ ಹೋದವರು.

ನಾನು ಇದನ್ನು ಮೊದಲು ಓದಿದ್ದು ಬಿ.ಎಡ್. ಮಾಡುವಾಗ, ಮತ್ತೆ ಓದಿದ್ದು ನಿವೃತ್ತಿಯಾದ ಮೇಲೆ. ಮೊದಲ ಸಲ ಕಥೆಗೆ ಓದಿದ್ದೆ. ಎರಡನೆಯ ಸಲ ಪೆನ್ಸಿಲ್ ಹಿಡಿದು ಕುಳಿತೆ. ಒಳಗಿನ ಅಗಲ ಹದಿನಾರು ಕಿಲೋಮೀಟರ್, ಅಂದರೆ ತ್ರಿಜ್ಯ ಎಂಟು. ಉರುಳೆ ತನ್ನ ಸುತ್ತ ತಾನೇ ತಿರುಗುತ್ತದೆ, ನಾಲ್ಕು ನಿಮಿಷಕ್ಕೊಂದು ಸುತ್ತು. ಹಾಗಾದರೆ ಒಳಗೋಡೆಯ ವೇಗ ಸೆಕೆಂಡಿಗೆ ಸುಮಾರು 209 ಮೀಟರ್. ವರ್ಗ ಮಾಡಿ ತ್ರಿಜ್ಯದಿಂದ ಭಾಗಿಸಿದರೆ ಅಲ್ಲಿನ ಗುರುತ್ವ 5.48. ನಮ್ಮ ಭೂಮಿಯ 9.8ರಲ್ಲಿ ಇದು ನೂರಕ್ಕೆ 56 ಪಾಲು. ಅರವತ್ತು ಕಿಲೋ ತೂಗುವವರು ಅಲ್ಲಿ ಮೂವತ್ತಮೂರೂವರೆ ಕಿಲೋದವರಂತೆ ಓಡಾಡಬಹುದು. ಮೆಟ್ಟಿಲ ತುದಿಯಲ್ಲಿ, ಅಕ್ಷದ ಹತ್ತಿರ ತೂಕವೇ ಇಲ್ಲ. ಅರ್ಧ ಇಳಿದಾಗ ಇದರ ಅರ್ಧ. ಕ್ಲಾರ್ಕ್ ಲೆಕ್ಕವನ್ನು ಎಲ್ಲಿಯೂ ತಪ್ಪಿಸಿಲ್ಲ. ಜಾತ್ರೆಯ ಮರಣಬಾವಿಯಲ್ಲಿ ಬೈಕ್ ಓಡಿಸುವವನು ಗೋಡೆಗೆ ಅಂಟಿಕೊಂಡಿರುತ್ತಾನಲ್ಲ, ಅದೇ ತತ್ತ್ವ. ಇಲ್ಲಿ ಬೈಕ್ ನಿಂತಿರುತ್ತದೆ, ಬಾವಿ ತಿರುಗುತ್ತದೆ, ಅಷ್ಟೆ.


ಹರಿದ ಹಾಳೆ

ಮೇಷ್ಟ್ರೇ, ಮೂವತ್ತಮೂರೂವರೆ ಕಿಲೋ ಎಂದದ್ದು ನನ್ನ ಮೊಣಕಾಲಿಗೆ ಸಿಹಿಸುದ್ದಿ. ಮೊದಲ ಸಲ ಓದುವಾಗ ಆ ಮೆಟ್ಟಿಲನ್ನು ಕಂಬಿ ಹಿಡಿದು ಜಾರಿಕೊಂಡು ಇಳಿಯುವ ಭಾಗ ಓದಿ ಕುಣಿದಿದ್ದೆ. ಈ ಸಲ ‘ಇಷ್ಟನ್ನೂ ಮತ್ತೆ ಹತ್ತಬೇಕಲ್ಲ’ ಎಂದೇ ಮನಸ್ಸಿಗೆ ಬಂದದ್ದು.


ಸಾಗರದವಳು

ನನ್ನ ಮತ ಹರಿದ ಪ್ರತಿಗೆ. ಆದರೆ ನನ್ನ ತಕರಾರು ಕೊನೆಯ ಹಾಳೆಯದ್ದಲ್ಲ, ನಡುವಿನ ಒಂದು ಹಾಳೆಯದ್ದು.

2004ರಲ್ಲಿ ಹಾಸ್ಟೆಲಿನಲ್ಲಿ ಓದಿದೆ. ಒಂದೇ ಪ್ರತಿ ಆರು ಜನರ ಕೈ ದಾಟಿ ಬಂದಿತ್ತು, ಯಾರದೋ ಉಪ್ಪಿನಕಾಯಿ ಎಣ್ಣೆಯ ಬೆರಳಚ್ಚು ಕಡಲಿನ ಅಧ್ಯಾಯದ ಮೇಲಿತ್ತು. ತೂಕವಿಲ್ಲದ ಜಾಗದಲ್ಲಿ ಹೆಂಗಸರ ಎದೆ ಗಂಡಸರ ಗಮನ ಕೆಡಿಸುತ್ತದೆ, ಕೆಲವರನ್ನು ಹಡಗಿಗೆ ಹತ್ತಿಸಲೇಬಾರದು ಎಂದು ನಾರ್ಟನ್ ಯೋಚಿಸುವ ಭಾಗ ನೆನಪಿದೆಯೇ? ಆಗ ಆರೂ ಜನ ಬಿದ್ದು ಬಿದ್ದು ನಕ್ಕಿದ್ದೆವು. ಕಳೆದ ವರ್ಷ ಮತ್ತೆ ಓದಿದಾಗ ಪುಸ್ತಕ ಮುಚ್ಚಿಟ್ಟು ಹೋಗಿ ಕಾಫಿ ಮಾಡಿಕೊಂಡು ಬಂದೆ. ಹದಿನೆಂಟು ವರ್ಷ ಗಂಡಸರೇ ತುಂಬಿದ ಮೀಟಿಂಗ್‌ಗಳಲ್ಲಿ ಕುಳಿತು ಬಂದವಳಿಗೆ ಆ ನಗು ಮತ್ತೆ ಬರಲಿಲ್ಲ. ಭೂಮಿಯಲ್ಲೊಬ್ಬಳು, ಮಂಗಳದಲ್ಲೊಬ್ಬಳು ಹೆಂಡತಿ, ಇಬ್ಬರಿಗೂ ಒಂದೇ ವೀಡಿಯೊ ಸಂದೇಶ ಕಳಿಸಿ ಕೈತೊಳೆದುಕೊಳ್ಳುವ ಗಂಡ. 2131ರಲ್ಲಿ!


ಬಿ.ಎಸ್ಸಿ. ಎರಡನೇ ಯತ್ನ

1973ರ ಪುಸ್ತಕ ಅಕ್ಕ. ಆ ಕಾಲಕ್ಕೆ ಹಾಗಿತ್ತು. ಈಗಿನ ಕನ್ನಡಕ ಹಾಕಿಕೊಂಡು ಹಳೆಯದನ್ನು ಓದಿದರೆ ಯಾವ ಪುಸ್ತಕವೂ ಉಳಿಯುವುದಿಲ್ಲ.


ಸಾಗರದವಳು

ತಮ್ಮ, ಕನ್ನಡಕ ಬದಲಾಗದಿದ್ದರೆ ಮತ್ತೆ ಓದುವುದಾದರೂ ಏಕೆ? ಪುಸ್ತಕ ಸುಟ್ಟುಹಾಕಿ ಎಂದು ನಾನು ಹೇಳಿಲ್ಲ. ಅದೇ ಪುಸ್ತಕದಲ್ಲಿ ಆ ಕಡಲಿಗೆ ದೋಣಿ ಇಳಿಸಿದಾಗ ನಾರ್ಟನ್ ಚುಕ್ಕಾಣಿ ಕೊಡುವುದು ಸಾರ್ಜೆಂಟ್ ರೂಬಿ ಬಾರ್ನ್ಸ್ ಕೈಗೆ. ದೋಣಿಯ ಮೇಲೆ ಅವಳದೇ ಆಜ್ಞೆ, ನಾರ್ಟನ್ ಕೂಡ ಪ್ರಯಾಣಿಕ. ಹಡಗಿನ ವೈದ್ಯೆಯೂ ಹೆಣ್ಣೇ. ಇಷ್ಟೆಲ್ಲ ಕಾಣುತ್ತಿದ್ದ ಮನುಷ್ಯನಿಗೆ ಇನ್ನೊಂದು ಹೆಜ್ಜೆ ಮುಂದಿಡಲು ಆಗಲಿಲ್ಲವಲ್ಲ ಎಂದು ಹೊಟ್ಟೆ ಉರಿಯುತ್ತದೆ. ಇಷ್ಟವಾದ ಪುಸ್ತಕದ ಮೇಲೆ ಮಾತ್ರ ಇಂಥ ಕೋಪ ಬರುತ್ತದೆ.


ಹರಿದ ಹಾಳೆ

ಆ ಪುಟ ನನ್ನ ಕಣ್ಣಿಗೂ ಈ ಸಲ ಚುಚ್ಚಿತು. ಮಗಳಿಗೆ ಹದಿಮೂರು. ಕೊಡುವ ಮೊದಲು ಹತ್ತು ನಿಮಿಷ ಯೋಚಿಸಿದೆ, ಆಮೇಲೆ ಕೊಟ್ಟೆ. ಓದಿ ಬಂದು ‘ಅಪ್ಪ, ಈ ಅಜ್ಜ ಏನೋ ವಿಚಿತ್ರ’ ಎಂದಳು, ಮುಂದಕ್ಕೆ ಓದಿದಳು.


ಕಾಗದದ ಹುಳ

ನನಗೆ ಅಂಥದ್ದೇ ಇನ್ನೊಂದು ಏಟು ಬಿದ್ದದ್ದು ಮೊದಲ ಪುಟದಲ್ಲೇ. ಉಲ್ಕೆಯೊಂದು ಉತ್ತರ ಇಟಲಿಗೆ ಅಪ್ಪಳಿಸಿ, ಪಡುವಾ, ವೆರೋನಾ ನಗರಗಳು ಅಳಿಸಿಹೋಗಿ, ವೆನಿಸ್ ಕಡಲಿನಲ್ಲಿ ಮುಳುಗುತ್ತದಲ್ಲ. ಆ ದಿನಾಂಕ ನೋಡಿದ್ದೀರಾ? 2077ರ ಸೆಪ್ಟೆಂಬರ್ 11.

ಮೊದಲು ಓದಿದಾಗ (1995 ಇರಬೇಕು) ಅದು ಬರೀ ಒಂದು ತಾರೀಖು. ಕಣ್ಣು ನಿಲ್ಲಲೇ ಇಲ್ಲ. ಎರಡನೆಯ ಸಲ ಓದಿದ್ದು 2010ರಲ್ಲಿ, ಮೈಸೂರು ರೈಲಿನಲ್ಲಿ. ಆ ಸಾಲಿಗೆ ಬಂದಾಗ ರಾಮನಗರ ದಾಟಿತ್ತು, ಮುಂದಿನ ಪುಟ ತಿರುಗಿಸಿದಾಗ ಮಂಡ್ಯ. ಕ್ಲಾರ್ಕ್ ಯಾವ ಕಾರಣಕ್ಕೆ ಆ ದಿನ ಆರಿಸಿಕೊಂಡರೋ, ಕಾಕತಾಳೀಯವೇ ಸರಿ. ಆದರೆ ಬರೆದವರಿಗೆ ಗೊತ್ತಿಲ್ಲದ ಒಂದು ಅರ್ಥ ಪುಸ್ತಕದೊಳಗೆ ತಾನಾಗಿ ಬಂದು ಕುಳಿತಿತ್ತು. ಈಗ ಅದನ್ನು ಹೊರಗೆ ಕಳಿಸಲು ಆಗುವುದಿಲ್ಲ.

ಆ ಅಪಘಾತದ ನಂತರ ಪುಸ್ತಕದಲ್ಲಿ ಹುಟ್ಟುವ ಕಾವಲು ವ್ಯವಸ್ಥೆಯ ಹೆಸರು ಸ್ಪೇಸ್‌ಗಾರ್ಡ್. ಭೂಮಿಗೆ ಬಡಿಯಬಹುದಾದ ಕ್ಷುದ್ರಗ್ರಹಗಳನ್ನು ಹುಡುಕುವ ಬಗ್ಗೆ ನಾಸಾ 1992ರಲ್ಲಿ ವರದಿ ತಂದಾಗ ಇದೇ ಹೆಸರನ್ನು ಎತ್ತಿಕೊಂಡಿತು.


ದೂರದರ್ಶಕ

ಸ್ಪೇಸ್‌ಗಾರ್ಡ್ ಮಾತು ಬಂತು, ಇನ್ನು ನನ್ನನ್ನು ತಡೆಯಬೇಡಿ.

2017ರ ಅಕ್ಟೋಬರ್‌ನಲ್ಲಿ ಹವಾಯಿಯ ಪಾನ್‌ಸ್ಟಾರ್ಸ್ ದೂರದರ್ಶಕಕ್ಕೆ ‘ಔಮುವಾಮುವಾ’ ಸಿಕ್ಕಿತಲ್ಲ, ಬೇರೆ ನಕ್ಷತ್ರದ ಕಡೆಯಿಂದ ಬಂದದ್ದೆಂದು ಖಚಿತವಾದ ಮೊದಲ ಕಾಯ. ಉದ್ದಕ್ಕಿತ್ತು, ತನ್ನಷ್ಟಕ್ಕೆ ಉರುಳುತ್ತಿತ್ತು, ಧೂಮಕೇತುವಿನ ಬಾಲವಿರಲಿಲ್ಲ. ‘ರಾಮ’ ಎಂದೇ ಹೆಸರಿಡಿ ಎಂಬ ಮಾತೂ ಆಗ ಎದ್ದಿತ್ತು. ಆ ವಾರ ಅಟ್ಟದಿಂದ ಪುಸ್ತಕ ಇಳಿಸಿ ಎರಡನೆಯ ಸಲ ಓದಿದೆ. 2019ರಲ್ಲಿ ಬೋರಿಸೋವ್ ಬಂತು. 2025ರ ಜುಲೈ 1ರಂದು ಚಿಲಿಯಲ್ಲಿ ಮೂರನೆಯದು ಸಿಕ್ಕಿದೆ: 3ಐ/ಅಟ್ಲಾಸ್.

ಒಂದು, ಎರಡು, ಮೂರು. ಮುಂದಿನದು ನೀವೇ ಹೇಳಿಕೊಳ್ಳಿ.


ಗಣಿತ ಮೇಷ್ಟ್ರು

ನಾನು ಹೇಳುವುದಿಲ್ಲ. ಬೋರಿಸೋವ್ ಧೂಮಕೇತು, ಅಟ್ಲಾಸ್‌ಗೂ ಸುತ್ತ ಅನಿಲ-ಧೂಳಿನ ಮುಸುಕು ಕಂಡಿದೆ. ನಾಲ್ಕನೆಯದು ಸಿಕ್ಕ ದಿನ ನಿಮ್ಮ ಮೂರರ ಲೆಕ್ಕ ಎಲ್ಲಿಗೆ ಹೋಗುತ್ತದೆ? ದೂರದರ್ಶಕಗಳು ಚುರುಕಾಗಿವೆ, ಅದಕ್ಕೇ ಸಿಗುತ್ತಿವೆ.


ದೂರದರ್ಶಕ

ಮೇಷ್ಟ್ರೇ, ತಮಾಷೆ ಮಾಡಿದೆ. ಅಂಕ ಕಳೆಯಬೇಡಿ.


ಉಳ್ಳಾಲ ಗಾಳಿ

‘ರಾಮ’ ಎಂಬ ಹೆಸರು ಏಕೆ ಬಂತೆಂದು ಯಾರೂ ಹೇಳಲಿಲ್ಲ. ಖಗೋಳ ವಿಜ್ಞಾನಿಗಳಿಗೆ ಗ್ರೀಕ್, ರೋಮನ್ ದೇವತೆಗಳ ಪಟ್ಟಿ ಖಾಲಿಯಾಗಿ, ನಮ್ಮ ದೇವರುಗಳ ಪಟ್ಟಿಗೆ ಕೈ ಹಾಕಿರುತ್ತಾರೆ, ಅಷ್ಟೇ ಕಾರಣ. ಬೇರಾವ ಸಂಬಂಧವೂ ಇಲ್ಲ.

ಆದರೆ ಅದನ್ನು ನನ್ನ ಅಜ್ಜಿಗೆ ವಿವರಿಸುವುದು ಕಷ್ಟವಾಗಿತ್ತು. ರಾಮನ ಪುಸ್ತಕವೆಂದು ಮಂಚದ ಮೇಲೆ ಬಿದ್ದಿದ್ದನ್ನು ಎತ್ತಿ ದೇವರ ಕೋಣೆಯ ಹಲಗೆಯ ಮೇಲಿಟ್ಟಿದ್ದರು. ಕಥೆ ಹೇಳೆಂದು ಕಾಡಿದರು. ಹೇಳಿದೆ: ಬಂದ, ಯಾರ ಹತ್ತಿರವೂ ಮಾತನಾಡಲಿಲ್ಲ, ಹಾಗೆಯೇ ಹೋದ. ‘ವನವಾಸಕ್ಕೋ?’ ಎಂದು ಕೇಳಿದರು. ಮತ್ತೆ ಓದುವಾಗ ಪ್ರತಿ ಅಧ್ಯಾಯದಲ್ಲೂ ಅದೇ ಪ್ರಶ್ನೆ ಕಿವಿಯಲ್ಲಿ. ಅಜ್ಜಿ ಹೋಗಿ ಒಂಬತ್ತು ವರ್ಷವಾಯಿತು.


ರಾತ್ರಿಪಾಳಿ

ವನವಾಸ ಎಂದರೆ ಹದಿನಾಲ್ಕು ವರ್ಷಕ್ಕೆ ವಾಪಸು ಬರಲೇಬೇಕು. ಅಜ್ಜಿ ಕೊನೆಯ ವಾಕ್ಯದ ಪಕ್ಷ. ಮತ ಎಣಿಕೆಗೆ ಸೇರಿಸಿಕೊಳ್ಳಿ.


ಬಿ.ಎಸ್ಸಿ. ಎರಡನೇ ಯತ್ನ

ಒಂದು ಮಾತು ಹೇಳಲೇ, ಬೈಯಬೇಡಿ. ನಾನು ಹೋದ ವಾರ ಮೊದಲ ಸಲ ಓದಿದೆ. ಪಾತ್ರಗಳೇ ಇಲ್ಲವಲ್ಲ? ನಾರ್ಟನ್ ಯಾರು, ರೊಡ್ರಿಗೊ ಯಾರು, ಒಬ್ಬರ ಧ್ವನಿಗೂ ಇನ್ನೊಬ್ಬರ ಧ್ವನಿಗೂ ವ್ಯತ್ಯಾಸವಿಲ್ಲ. ಎಲ್ಲರೂ ಇಲಾಖೆಯ ಪತ್ರದಂತೆ ಮಾತನಾಡುತ್ತಾರೆ. ಬುಧ ಗ್ರಹದವರು ಬಾಂಬು ಕಳಿಸುವುದೊಂದೇ ಜಗಳ, ಅದನ್ನೂ ತಂತಿ ಕತ್ತರಿಸಿ ಮುಗಿಸುತ್ತಾರೆ.


ಕಾಗದದ ಹುಳ

ಇದು ನಿಜ. ಮೂರು ಸಲ ಓದಿದ ಮೇಲೂ ಸಿಬ್ಬಂದಿಯಲ್ಲಿ ನಾಲ್ಕಕ್ಕಿಂತ ಹೆಚ್ಚು ಜನರ ಹೆಸರು ನನಗೆ ಬರುವುದಿಲ್ಲ. ಆದರೆ ಕಾಗದ ಕೊಡಿ, ಆ ಉರುಳೆಯ ಒಳಗಿನ ನಕ್ಷೆಯನ್ನು ಈಗಲೇ ಬರೆದುಕೊಡುತ್ತೇನೆ. ಉತ್ತರದ ಬಯಲು, ನಡುವೆ ಹತ್ತು ಕಿಲೋಮೀಟರ್ ಅಗಲದ ಬಳೆಯಂಥ ಕಡಲು, ಈ ದಂಡೆಯ ಗೋಡೆ ಐವತ್ತು ಮೀಟರ್, ಆ ದಂಡೆಯದು ಐನೂರು. ಏಕೆ ಐನೂರು? ಹಡಗು ವೇಗ ಹೆಚ್ಚಿಸಿಕೊಂಡಾಗ ನೀರೆಲ್ಲ ಹಿಂದಕ್ಕೆ ಒತ್ತರಿಸಿ ಏರುತ್ತದೆ, ಚೆಲ್ಲಬಾರದಲ್ಲ. ಬಸ್ಸು ಮುಂದಕ್ಕೆ ಜಿಗಿದಾಗ ನಿಂತವರು ಹಿಂದಕ್ಕೆ ವಾಲುತ್ತೇವಲ್ಲ, ಹಾಗೆ. ಒಂದು ಗೋಡೆಯ ಎತ್ತರದಿಂದ ಇಡೀ ಹಡಗಿನ ಸ್ವಭಾವ ಹೇಳಿಸುತ್ತಾರೆ. ನನ್ನ ಮಟ್ಟಿಗೆ ಆ ಗೋಡೆಯೇ ಪಾತ್ರ.

ತಂಡದ ಜಿಮ್ಮಿ ಪಾಕ್ ಆ ಐನೂರು ಮೀಟರ್ ಎತ್ತರದಿಂದ ಅಂಗಿಯನ್ನೇ ಕೊಡೆಯಂತೆ ಹಿಡಿದು ಹಾರುತ್ತಾನೆ. ಅದಕ್ಕೂ ಮುಂಚೆ ಮುರಿದುಬಿದ್ದ ಗಾಳಿಸೈಕಲ್ಲಿನ ಹತ್ತಿರ ಒಬ್ಬನೇ ಕುಳಿತಿದ್ದಾಗ ಏಡಿಯಂಥ ಯಂತ್ರವೊಂದು ಬಂದು, ಇವನನ್ನು ಬಿಟ್ಟು ಸೈಕಲನ್ನು ಕಸವೆಂದು ಗುಡಿಸಿಕೊಂಡು ಹೋಗುತ್ತದೆ. ಅವನು ಅದಕ್ಕೆ ಕಾಣಿಸುವುದೇ ಇಲ್ಲ. ಮೊದಲ ಸಲ ಇದು ಸಾಹಸ ಎನ್ನಿಸಿತ್ತು. ನಲವತ್ತೈದರ ಮೇಲೆ ಓದಿ ನೋಡಿ, ಬೇರೇನೋ ಅನ್ನಿಸುತ್ತದೆ.


ಸಾಗರದವಳು

ಪಾತ್ರಗಳಿಲ್ಲ ಎನ್ನುವವರಿಗೆ: ಮಂಗಗಳನ್ನು ಮರೆತಿರಾ? ಹಡಗಿನ ಅಡುಗೆ, ಕ್ಲೀನಿಂಗ್ ಎಲ್ಲ ಮಾಡುವ, ಬುದ್ಧಿ ಬೆಳೆಸಿದ ಚಿಂಪಾಂಜಿಗಳು. ಅವುಗಳ ಉಸ್ತುವಾರಿಗೆ ರವಿ ಮೆಕ್‌ಆಂಡ್ರ್ಯೂಸ್. ರವಿ ಎಂಬ ಹೆಸರು ನೋಡಿ ಹಾಸ್ಟೆಲಿನಲ್ಲಿ ಖುಷಿಪಟ್ಟಿದ್ದೆವು. ಈಗ ಓದಿದರೆ, ಸಂಬಳ ಕೇಳದ ಕೆಲಸದಾಳುಗಳನ್ನೇ ಸೃಷ್ಟಿಸಿಕೊಂಡು ಅದರ ಬಗ್ಗೆ ಹಡಗಿನಲ್ಲಿ ಯಾರಿಗೂ ಹೆಚ್ಚಿನ ಮುಜುಗರವಿಲ್ಲ. ಇದು ಎದೆಯ ಪುಟಕ್ಕಿಂತ ಹೆಚ್ಚು ಕಾಡಿತು.


ತೋಟದ ಮನೆ

ಪುತ್ತೂರು ಕಡೆಯವನು, ಇಂಗ್ಲಿಷ್ ಕಾದಂಬರಿ ಓದುವ ಅಭ್ಯಾಸ ಕಡಿಮೆ. ನಿಮ್ಮ ಚರ್ಚೆ ನೋಡಿ ಮಗನಿಂದ ಕಥೆ ಕೇಳಿಸಿಕೊಂಡೆ. ಕೇಳಿದವನಿಗೆ ಅನ್ನಿಸಿದ್ದು: ಇದು ತೇಜಸ್ವಿಯವರ ‘ಕರ್ವಾಲೊ’ ಅಲ್ಲವೇ?

ಅಲ್ಲಿಯೂ ಒಂದು ಗುಂಪು ಹೊರಡುತ್ತದೆ. ವಿಜ್ಞಾನಿ, ರೈತ, ಮಂದಣ್ಣ, ಬಿರಿಯಾನಿ ಕರಿಯಪ್ಪ, ಕಿವಿ ಎಂಬ ನಾಯಿ. ಕಾಡೆಲ್ಲ ಅಲೆದು ಹಾರುವ ಓತಿಯನ್ನು ಕಾಣುತ್ತಾರೆ. ಇನ್ನೇನು ಸಿಕ್ಕಿತು ಎನ್ನುವಾಗ ಅದು ಪ್ರಪಾತದ ಕಡೆಗೆ ತೇಲಿಕೊಂಡು ಹೋಗಿ ಕಣ್ಮರೆಯಾಗುತ್ತದೆ. ಇವರು ಬಂಡೆಯ ಮೇಲೆ ನಿಂತಿರುತ್ತಾರೆ. ನಿಮ್ಮ ನಾರ್ಟನ್ ನಿಂತಂತೆ.


ಹರಿದ ಹಾಳೆ

ಅಣ್ಣ, ಇದು ನನಗೆ ಹೊಳೆದಿರಲೇ ಇಲ್ಲ. ‘ಕರ್ವಾಲೊ’ ಓದಿದ್ದು ಅದೇ ರಜೆಯಲ್ಲಿ, ಇದಾದ ತಕ್ಷಣ. ಎರಡೂ ನನ್ನ ತಲೆಯಲ್ಲಿ ಒಂದಕ್ಕೊಂದು ಅಂಟಿಕೊಂಡಿರಬೇಕು. ಅದಕ್ಕೇ ಕೊನೆಯ ವಾಕ್ಯ ಪರಕೀಯ ಎನ್ನಿಸಿತೋ ಏನೋ. ಓತಿ ಹಾರಿಹೋದ ಮೇಲೆ ‘ಇನ್ನೂ ಎರಡು ಓತಿಗಳಿವೆ’ ಎಂದು ತೇಜಸ್ವಿ ಬರೆದಿದ್ದರೆ ನಾವು ಸುಮ್ಮನಿರುತ್ತಿದ್ದೆವೇ?


ಗಣಿತ ಮೇಷ್ಟ್ರು

‘ಕರ್ವಾಲೊ’ ವೈಜ್ಞಾನಿಕ ಕಾದಂಬರಿ ಅಲ್ಲವೇ ಅಲ್ಲ. 1980ರ ಮಲೆನಾಡಿನ ಬದುಕಿನ ಕಾದಂಬರಿ. ಅದರಲ್ಲಿ ವಿಜ್ಞಾನಿ ಬರುತ್ತಾನೆ, ನಿಜ. ಡಾಕ್ಟರ್ ಬಂದ ಮಾತ್ರಕ್ಕೆ ಕಥೆ ವೈದ್ಯಶಾಸ್ತ್ರವಾಗುತ್ತದೆಯೇ?


ಕಾಗದದ ಹುಳ

ಏಕಲ್ಲ? ಕೋಟಿ ವರ್ಷದ ಕಾಲವನ್ನು ಒಂದು ಓತಿಯ ಬೆನ್ನಿನ ಮೇಲೆ ತಂದಿಡುವುದು ವಿಜ್ಞಾನದ ಕಲ್ಪನೆಯಲ್ಲವೇ? ರಾಕೆಟ್ ಇದ್ದರೆ ಮಾತ್ರ ಪ್ರವೇಶ ಎಂದು ಬಾಗಿಲಲ್ಲಿ ಬರೆದವರು ಯಾರು? ಹಾಗೆ ನೋಡಿದರೆ ರಾಜಶೇಖರ ಭೂಸನೂರಮಠರು ಇಷ್ಟು ವೈಜ್ಞಾನಿಕ ಕಥೆ ಬರೆದೂ ನಮ್ಮ ಸಾಹಿತ್ಯ ಚರ್ಚೆಗಳಲ್ಲಿ ಹೊರಗೇ ಉಳಿದರು. ಅತ್ತ ರಾಕೆಟ್ ಇದ್ದರೂ ಪ್ರವೇಶವಿಲ್ಲ.


ವೇದಿಕೆ ನಿರ್ವಾಹಕ

‘ಕರ್ವಾಲೊ’ಗೆ ದಯವಿಟ್ಟು ಬೇರೆ ಎಳೆ ತೆರೆಯಿರಿ.


ತೋಟದ ಮನೆ

ತೆರೆಯುತ್ತೇನೆ, ಒಂದು ಹೇಳಿ ಮುಗಿಸುತ್ತೇನೆ. ಹಾರುವ ಓತಿ ನಮ್ಮ ಅಡಿಕೆ ತೋಟದಲ್ಲಿದೆ. ಕಾದಂಬರಿಯಲ್ಲಿ ಇರುವಷ್ಟು ಅಪರೂಪವೇನಲ್ಲ, ಕಾಣಿಸುವುದು ಅಪರೂಪ. ಮರದ ಮೇಲೆ ಅಂಟಿಕೊಂಡರೆ ತೊಗಟೆಯ ಕಲೆಯೋ ಓತಿಯೋ ತಿಳಿಯದು. ಗಂಡು ಗಂಟಲ ಕೆಳಗಿನ ಹಳದಿ ಚೀಲವನ್ನು ಪಟಕ್ಕನೆ ಬಿಚ್ಚಿ ಮುಚ್ಚುತ್ತದೆ, ಆಗಲೇ ಸಿಕ್ಕಿಬೀಳುವುದು. ಉದ್ದನೆಯ ಪಕ್ಕೆಲುಬುಗಳನ್ನು ಕೊಡೆಯ ಕಡ್ಡಿಯಂತೆ ಅಗಲಿಸಿ ಮರದಿಂದ ಮರಕ್ಕೆ ತೇಲುತ್ತದೆ. ‘ಕರ್ವಾಲೊ’ ಮೊದಲು ಓದಿದಾಗ ಇದು ಕಟ್ಟುಕಥೆ ಎಂದುಕೊಂಡಿದ್ದೆ. ನನಗಾಗ ಇಪ್ಪತ್ತು, ಪೇಟೆಯ ಕಾಲೇಜು. ತೋಟಕ್ಕೆ ಬಂದು ನಿಂತ ಮೇಲೆ, ಮದ್ದು ಹೊಡೆಯುವ ದಿನ ತಲೆ ಎತ್ತಿದಾಗ ಕಂಡಿತು. ಹೋಗಿ ಮತ್ತೆ ಓದಿದೆ.


ದೂರದರ್ಶಕ

ಫೋಟೊ ಇದ್ದರೆ ಹಾಕಿ. ನಿರ್ವಾಹಕರು ಮಲಗಿದ್ದಾರೆ.

ಕೊನೆಯ ವಾಕ್ಯಕ್ಕೆ ಬರೋಣ. ಮುಂದಿನ ಭಾಗ ಬರೆಯುವ ಯೋಚನೆಯಿಂದ ಅದನ್ನು ಹಾಕಿರಲಿಲ್ಲ ಎಂದು ಕ್ಲಾರ್ಕ್ ಅವರೇ ಆಮೇಲೆ ಹೇಳಿದ್ದಾರೆ. ಆದರೂ 1989ರಲ್ಲಿ ಜೆಂಟ್ರಿ ಲೀ ಜೊತೆಗೂಡಿ ‘ರಾಮ 2’ ಬಂತು, ಆಮೇಲೆ ಇನ್ನೆರಡು.


ಸಾಗರದವಳು

ಅವುಗಳ ವಿಷಯ ತೆಗೆಯಬೇಡಿ. ನನ್ನ ಪ್ರತಿಗಳಲ್ಲಿ ಎಲ್ಲ ಹಾಳೆಗಳೂ ಇದ್ದವು, ದುರದೃಷ್ಟ.


ಉಳ್ಳಾಲ ಗಾಳಿ

ನನಗೆ ಎರಡನೆಯದು ಹಿಡಿಸಿತು. ಕಲ್ಲು ಹೊಡೆಯುವವರು ಸಾಲಾಗಿ ಬನ್ನಿ.


ದೂರದರ್ಶಕ

ನನಗೆ ಈ ಪುಸ್ತಕ ಬಿಟ್ಟುಹೋದ ಒಂದು ಹುಚ್ಚಿದೆ. ರಾಮ ಹೊರಡುವುದು ದೊಡ್ಡ ಮೆಜೆಲ್ಲನ್ ಮೇಘದ ದಿಕ್ಕಿಗೆ. ಅದು ನಮ್ಮ ಆಕಾಶಗಂಗೆಯ ಪಕ್ಕದ ಪುಟ್ಟ ಗೆಲಾಕ್ಸಿ, ಒಂದು ಲಕ್ಷದ ಅರವತ್ತು ಸಾವಿರ ಜ್ಯೋತಿರ್ವರ್ಷ ದೂರ. ದಕ್ಷಿಣ ಗೋಳದವರ ಆಸ್ತಿ ಎಂದುಕೊಂಡಿರುತ್ತೇವೆ. ಲೆಕ್ಕ ಹಾಕಿದೆ: ಬೆಂಗಳೂರಿನಿಂದ ಅದು ದಕ್ಷಿಣ ದಿಗಂತದ ಮೇಲೆ ಹೆಚ್ಚೆಂದರೆ ಏಳು ಡಿಗ್ರಿ ಏರುತ್ತದೆ, ಜನವರಿ ಮೊದಲ ವಾರದಲ್ಲಿ ರಾತ್ರಿ ಹತ್ತೂವರೆಯ ಆಸುಪಾಸು. ಎರಡು ಚಳಿಗಾಲ ಗುಡ್ಡ ಹತ್ತಿ ಕಾದೆ. ಏಳು ಡಿಗ್ರಿಯಲ್ಲಿ ಸಿಕ್ಕಿದ್ದು ಹೆದ್ದಾರಿಯ ಪೆಟ್ರೋಲ್ ಬಂಕಿನ ಬೆಳಕು.


ಪರ್ತ್ ವಾಸಿ

ಶಿವಮೊಗ್ಗದವನು, ಹನ್ನೆರಡು ವರ್ಷದಿಂದ ಆಸ್ಟ್ರೇಲಿಯಾದಲ್ಲಿದ್ದೇನೆ. ಇಲ್ಲಿ ಆ ಮೇಘ ಮುಳುಗುವುದೇ ಇಲ್ಲ. ಈಗ ಚಳಿಗಾಲ, ಸಂಜೆ ತಗ್ಗಿನಲ್ಲಿರುತ್ತದೆ, ಬೆಳಗಿನ ಜಾವಕ್ಕೆ ಮೇಲೆ ಬರುತ್ತದೆ. ಊರಿನಿಂದ ಎರಡು ಗಂಟೆ ಕಾರು ಓಡಿಸಿ ಒಳನಾಡಿಗೆ ಹೋದರೆ ಬರಿಗಣ್ಣಿಗೆ ಚೆನ್ನಾಗಿ ಕಾಣುತ್ತದೆ. ಕಪ್ಪು ಕಡಪ ಕಲ್ಲಿನ ಮೇಲೆ ಹಾಲು ಚೆಲ್ಲಿ ಅರೆಬರೆ ಒರೆಸಿದಂತೆ. ಮೊದಲ ಸಲ ಮೋಡವೆಂದುಕೊಂಡು ಸರಿಯಲಿ ಎಂದು ಕಾದಿದ್ದೆ.

ಪುಸ್ತಕ ಓದಿಲ್ಲ. ಹುಡುಕುತ್ತೇನೆ.


ರಾತ್ರಿಪಾಳಿ

ಓದದವರು ಹಿಂದಿರುಗಿ ಎಂದು ಮೊದಲ ಸಾಲಿನಲ್ಲೇ ಬರೆದಿತ್ತು ಸ್ವಾಮಿ.


ಪರ್ತ್ ವಾಸಿ

ಅಯ್ಯೋ. ಕೆಳಗಿನಿಂದ ಓದುತ್ತಾ ಬಂದೆ.


ಹರಿದ ಹಾಳೆ

ಪರವಾಗಿಲ್ಲ, ಕೊನೆಯಿಂದ ಓದಿದವರೂ ಒಬ್ಬರು ಬೇಕಿತ್ತು. ಮತ ಎಣಿಸಲಿಲ್ಲ, ಸೋಲುತ್ತೇನೆಂದು ಗೊತ್ತು. ಮಗಳೂ ಆ ಕಡೆಗೇ. ಓದಿ ಮುಗಿಸಿದವಳು ‘ಉಳಿದ ಎರಡು ಯಾವಾಗ?’ ಎಂದು ಕೇಳಿದ್ದಾಳೆ. ನಿನ್ನೆ ಸಂಜೆ ಹೊಸ ಪ್ರತಿಯ ಕೊನೆಯ ಪುಟವನ್ನು ಜೆರಾಕ್ಸ್ ಮಾಡಿಸಿ ಹಳೆಯದರೊಳಗೆ ಮಡಚಿ ಇಟ್ಟಿದ್ದೇನೆ. ಅಂಟಿಸಿಲ್ಲ. ಬೇಕಾದಾಗ ತೆಗೆದು ಓದಬಹುದು.


ರಾತ್ರಿಪಾಳಿ

ಜೆರಾಕ್ಸಿಗೆ ಎಷ್ಟಾಯಿತು?


ಹರಿದ ಹಾಳೆ

ಪುಟಕ್ಕೆ ಮೂರು ರೂಪಾಯಿ. ಚಿಲ್ಲರೆ ಇಲ್ಲವೆಂದು ಅಂಗಡಿಯವನು ಹತ್ತರ ನೋಟು ಇಟ್ಟುಕೊಂಡು ಮೂರು ಪ್ರತಿ ತೆಗೆದುಕೊಟ್ಟ.